ಕೆಲ್ಸೋ: ಒಂದು ಏರಿಗಾಗಿ ಹುಟ್ಟಿದ ಊರು

ಕ್ಯಾಲಿಫೋರ್ನಿಯಾದ ಮೊಹಾವಿ ಮರುಭೂಮಿಯ ನಡುವೆ ಕೆಲ್ಸೋ ಎಂಬ ಊರು ಎದ್ದದ್ದಕ್ಕೆ ಕಾರಣ ಒಂದು ಏರು. ಸಾಲ್ಟ್ ಲೇಕ್ ಸಿಟಿಯನ್ನೂ ಲಾಸ್ ಏಂಜಲೀಸನ್ನೂ ಬೆಸೆಯುವ ಹಳಿ 1905ರ ಜನವರಿಯಲ್ಲಿ ಕೂಡಿಕೊಂಡಿತು. ಸೆನೆಟರ್ ವಿಲಿಯಂ ಕ್ಲಾರ್ಕ್ ಮತ್ತು ಯೂನಿಯನ್ ಪೆಸಿಫಿಕ್ ರೈಲು ಕಂಪನಿ ಅರ್ಧರ್ಧ ಪಾಲು ಹಾಕಿ ಕಟ್ಟಿಸಿದ ಮಾರ್ಗವದು. ಪೂರ್ವಕ್ಕೆ ಹೊರಟ ರೈಲು ಕೆಲ್ಸೋದಿಂದ ಸೀಮಾ ನೆತ್ತಿಯವರೆಗೆ ಸುಮಾರು 30 ಕಿ.ಮೀ. ಹಾದಿಯಲ್ಲಿ 600 ಮೀಟರಿಗೂ ಹೆಚ್ಚು ಹತ್ತಬೇಕು. ಅಂದರೆ ನೂರು ಮೀಟರಿಗೆ 2.2 ಮೀಟರ್.

ರಸ್ತೆಯಲ್ಲಿ ಇಷ್ಟು ಏರು ಲೆಕ್ಕಕ್ಕೇ ಇಲ್ಲ. ಹಳಿಯ ಮೇಲೆ ಹಾಗಲ್ಲ. ಸಮತಟ್ಟಿನಲ್ಲಿ ಒಂದು ಟನ್ ಭಾರವನ್ನು ನಿಧಾನವಾಗಿ ಉರುಳಿಸಲು ಎರಡು ಮೂರು ಕಿಲೋ ಎಳೆತ ಸಾಕು. ಈ ಏರಿನಲ್ಲಿ ಅದಕ್ಕೆ ಇನ್ನೂ 22 ಕಿಲೋ ಸೇರುತ್ತದೆ. ಒಂದು ಎಂಜಿನ್ ಆರಾಮಾಗಿ ಎಳೆದು ತಂದ ಗಾಡಿ ಇಲ್ಲಿ ನಿಂತೇ ಬಿಡುತ್ತದೆ, ಇಲ್ಲವೇ ಚಕ್ರ ಜಾರಿ ಸುಮ್ಮನೆ ತಿರುಗುತ್ತದೆ. ಆದ್ದರಿಂದ ಕೆಲ್ಸೋದಲ್ಲಿ ಸಹಾಯಕ ಉಗಿ ಎಂಜಿನ್ನುಗಳನ್ನು ಕಾಯಿಸಿ ಇಟ್ಟಿರುತ್ತಿದ್ದರು. ನಮ್ಮ ರೈಲ್ವೆಯವರು ಬ್ಯಾಂಕರ್ ಎನ್ನುವುದು ಇದನ್ನೇ. ಸೀಮಾ ಮುಟ್ಟಿದ ಮೇಲೆ ಅದನ್ನು ಕಳಚಿ ಮತ್ತೆ ಕೆಳಗೆ ಕಳಿಸಬೇಕು. ಅದಕ್ಕೊಬ್ಬ ಚಾಲಕ, ಬೆಂಕಿ ನೋಡಿಕೊಳ್ಳಲು ಒಬ್ಬ ಫೈರ್‌ಮನ್. ಜೊತೆಗೆ ದುರಸ್ತಿಯವರು, ನೀರಿನ ಟ್ಯಾಂಕು ನೋಡಿಕೊಳ್ಳುವವರು, ಇವರಿಗೆಲ್ಲ ಊಟ, ಹಾಸಿಗೆ. ಊರೆಂದರೆ ಇಷ್ಟೇ ಇತ್ತು. 1924ರಲ್ಲಿ ತೆರೆದ ಸ್ಪ್ಯಾನಿಷ್ ಶೈಲಿಯ ಚೆಂದದ ನಿಲ್ದಾಣದಲ್ಲಿ ತಾರು ಕಚೇರಿ, ಊಟದ ಮನೆ, ಸಿಬ್ಬಂದಿಯ ಮಲಗುವ ಕೋಣೆಗಳು ಒಂದೇ ಸೂರಿನಡಿ ಇದ್ದವು.

ದನ ಸಾಕುವವರು ಇಲ್ಲಿಗೆ ಬಂದದ್ದು ರೈಲಿಗಿಂತ ಮೊದಲು. ರಾಕ್ ಸ್ಪ್ರಿಂಗ್ಸ್ ಲ್ಯಾಂಡ್ ಅಂಡ್ ಕ್ಯಾಟಲ್ ಕಂಪನಿ 1894ರಲ್ಲೇ ಶುರುವಾಗಿತ್ತು. ಮರುಭೂಮಿಯಲ್ಲಿ ದನ ಮೇಯುವುದು ನೀರಿನಿಂದ ಕೆಲವೇ ಕಿಲೋಮೀಟರ್ ಆಚೆವರೆಗೆ. ತೊಟ್ಟಿಯ ಸುತ್ತ ನೆಲ ಬೋಳಾದರೂ ದೂರದ ಹುಲ್ಲು ಹಾಗೇ ಒಣಗುತ್ತದೆ. ಹಾಗಾಗಿ ಒರತೆ ಯಾರ ಕೈಯಲ್ಲಿದೆಯೋ ಹುಲ್ಲುಗಾವಲೂ ಅವರದೇ, ಭೂಮಿಯ ಪತ್ರ ಏನೇ ಹೇಳಲಿ. ಸರ್ಕಾರದಿಂದ ಜಮೀನು ಪಡೆದ ಸಣ್ಣ ರೈತರು ಹತ್ತಿರದ ಲ್ಯಾನ್‌ಫೇರ್ ಕಣಿವೆಗೆ 1910ರ ಸುಮಾರಿಗೆ ಬರತೊಡಗಿದಾಗ ಜಗಳ ಹತ್ತಿದ್ದೂ ಇದಕ್ಕೇ. 1925ರಲ್ಲಿ ಗವರ್ನಮೆಂಟ್ ಹೋಲ್ಸ್ ಎಂಬ ನೀರಿನ ತಾಣದಲ್ಲಿ ಇಬ್ಬರು ಪರಸ್ಪರ ಗುಂಡು ಹಾರಿಸಿಕೊಂಡು ಸತ್ತರು.

ಹಳಿ ಬಂದದ್ದರಿಂದ ದನಗಾರರಿಗೆ ಆದ ಲಾಭ ಸಣ್ಣದಲ್ಲ. ದೂರದ ಪೇಟೆಗೆ ನಡೆಸಿಕೊಂಡು ಹೋದರೆ ದನದ ತೂಕ ಇಳಿಯುತ್ತದೆ, ಮಾರುವುದು ತೂಕದ ಮೇಲೆ. ಹತ್ತಿರದಲ್ಲೇ ವ್ಯಾಗನ್ನಿಗೆ ಏರಿಸಿದರೆ ಆ ನಷ್ಟ ಬಹಳಷ್ಟು ತಪ್ಪುತ್ತದೆ. ಅಲ್ಲೂ ಗಡಿಯಾರ ನೋಡುತ್ತಿರಬೇಕು: 1906ರ ಕಾನೂನಿನಂತೆ 28 ಗಂಟೆಗೊಮ್ಮೆ ದನಗಳನ್ನು ಇಳಿಸಿ ಮೇವು, ನೀರು, ವಿಶ್ರಾಂತಿ ಕೊಡಬೇಕಿತ್ತು, ಮಾಲೀಕ ಬರೆದುಕೊಟ್ಟರೆ 36 ಗಂಟೆ.

ಎರಡನೇ ಮಹಾಯುದ್ಧದಲ್ಲಿ ಹತ್ತಿರದ ವಲ್ಕನ್ ಗಣಿಯ ಕಬ್ಬಿಣದ ಅದಿರು ಫೊಂಟಾನಾದ ಕೈಸರ್ ಉಕ್ಕಿನ ಕಾರ್ಖಾನೆಗೆ ಇಲ್ಲಿಂದಲೇ ಹೋಯಿತು. ಊರಿನ ಜನಸಂಖ್ಯೆ ಎರಡು ಸಾವಿರದ ಹತ್ತಿರ ಬಂತು. 1947ರಲ್ಲಿ ಗಣಿ ನಿಂತಿತು.

ಗಣಿ ನಿಂತದ್ದಕ್ಕಿಂತ ದೊಡ್ಡ ಪೆಟ್ಟು ಕೊಟ್ಟದ್ದು ಡೀಸೆಲ್. ಡೀಸೆಲ್ ಎಂಜಿನ್ನಿಗೆ ದಾರಿಯುದ್ದಕ್ಕೂ ನೀರು ತುಂಬಿಸಬೇಕಿಲ್ಲ. ಅದಕ್ಕಿಂತ ಮುಖ್ಯವಾದದ್ದು, ಮೂರು ನಾಲ್ಕು ಎಂಜಿನ್ನುಗಳನ್ನು ತಂತಿಯಿಂದ ಜೋಡಿಸಿ ಮುಂದಿನ ಕ್ಯಾಬಿನ್ನಿನಿಂದ ಒಬ್ಬನೇ ಚಾಲಕ ಎಲ್ಲವನ್ನೂ ನಡೆಸಬಹುದು. ಸಹಾಯಕ ಎಂಜಿನ್ನೂ ಅದರ ಸಿಬ್ಬಂದಿಯೂ ಬೇಡವಾದರೆ ಕೆಲ್ಸೋ ಯಾಕೆ ಬೇಕು?

ಏರು ಮಾತ್ರ ಎಲ್ಲೂ ಹೋಗಿರಲಿಲ್ಲ. 1997ರ ಜನವರಿ 12ರಂದು ಮೆಕ್ಕೆಜೋಳ ತುಂಬಿದ 75 ವ್ಯಾಗನ್ನುಗಳ ರೈಲು ಸೀಮಾದಿಂದ ಇಳಿಯುತ್ತಿದ್ದಾಗ, ಎಲ್ಲ ಎಂಜಿನ್ನುಗಳನ್ನೂ ಒಮ್ಮೆಗೇ ನಿಲ್ಲಿಸುವ ಸ್ವಿಚ್ಚು ಚಾಲಕನ ಕೈತಪ್ಪಿನಿಂದ ಒತ್ತಿಹೋಯಿತು. ಎಂಜಿನ್ ನಿಂತ ಕೂಡಲೇ ಮೋಟಾರುಗಳಿಂದ ವೇಗ ತಡೆಯುವ ಡೈನಮಿಕ್ ಬ್ರೇಕ್ ಸತ್ತಿತು. ಉಳಿದ ಗಾಳಿ ಬ್ರೇಕಿಗೆ ಅಷ್ಟು ಭಾರ ಹಿಡಿಯಲಾಗಲಿಲ್ಲ. ಗಂಟೆಗೆ 72 ಮೈಲಿ ಮುಟ್ಟಿದ ರೈಲಿನ 68 ವ್ಯಾಗನ್ನುಗಳು ಹಳಿ ತಪ್ಪಿದವು. ಯಾರಿಗೂ ಗಾಯವಾಗಲಿಲ್ಲ.

ಅಷ್ಟರಲ್ಲಿ ಊರು ಬಹುಪಾಲು ಖಾಲಿಯಾಗಿತ್ತು. 1985ರಲ್ಲಿ ಊಟದ ಮನೆ ಮುಚ್ಚಿ, ನಿಲ್ದಾಣವನ್ನೇ ಕೆಡವಲು ರೈಲು ಕಂಪನಿ ಹೊರಟಾಗ ಸುತ್ತಲಿನವರು ಪಟ್ಟು ಹಿಡಿದು ಉಳಿಸಿಕೊಂಡರು. 1994ರಲ್ಲಿ ಈ ಪ್ರದೇಶವೆಲ್ಲ ಮೊಹಾವಿ ರಾಷ್ಟ್ರೀಯ ಸಂರಕ್ಷಿತ ತಾಣವಾಯಿತು. 2005ರಲ್ಲಿ ನಿಲ್ದಾಣ ಅದರ ಮಾಹಿತಿ ಕೇಂದ್ರವಾಯಿತು. ದನಗಾರರ ಮೇವಿನ ಪರವಾನಗಿಗಳಲ್ಲಿ ಹೆಚ್ಚಿನವನ್ನು ಹಣ ಕೊಟ್ಟು ಬಿಡಿಸಿಕೊಂಡರು. ದನ ಹೋದ ಮೇಲೆ ಅವುಗಳಿಗೆಂದು ತೋಡಿದ ಬಾವಿಗಳನ್ನು ಏನು ಮಾಡುವುದೆಂಬ ಪ್ರಶ್ನೆ ಎದ್ದಿತು. ಆ ತೊಟ್ಟಿಗಳಿಗೆ ಒಗ್ಗಿದ ಜಿಂಕೆ, ಹಕ್ಕಿಗಳಿಗಾಗಿ ನೀರು ಉಳಿಸಿ ಎನ್ನುವವರು ಒಂದು ಕಡೆ, ಮರುಭೂಮಿಯನ್ನು ಅದರ ಪಾಡಿಗೆ ಬಿಡಿ ಎನ್ನುವವರು ಇನ್ನೊಂದು ಕಡೆ ನಿಂತರು.