ಕಪ್ಪು ಗೆರೆಯ ಚೌಕಗಳೆಲ್ಲ ಮಾಂಡ್ರಿಯಾನ್ ಅಲ್ಲ

ಪ್ರಶ್ನೆ: 1960ರ ದಶಕದ್ದೆಂದು ಹೇಳಿದ ಹಳೆಯ ಪ್ರಿಂಟ್ ಉಡುಪೊಂದನ್ನು ಕೊಂಡಿದ್ದೇನೆ. ಬಿಳಿ ಬಟ್ಟೆಯ ಮೇಲೆ ಕಪ್ಪು ಗೆರೆಗಳು, ನಡುವೆ ಕೆಂಪು, ಹಳದಿ, ನೀಲಿ, ಹಸಿರು ಚೌಕಗಳಿವೆ. ಇದು ಅಸಲಿ ಮಾಂಡ್ರಿಯಾನ್ ಉಡುಪೇ?

ಉತ್ತರ: ಅಲ್ಲ. ಇದೇ ಪ್ರಶ್ನೆ ಬಣ್ಣ ಬದಲಿಸಿಕೊಂಡು ಮತ್ತೆ ಮತ್ತೆ ಬರುತ್ತಿರುವುದರಿಂದ ಈ ಸಲ ತುಸು ದೀರ್ಘವಾಗಿಯೇ ಉತ್ತರಿಸುತ್ತೇನೆ.

ಕಪ್ಪು ಗೆರೆಗಳ ನಡುವೆ ಬಣ್ಣದ ಚೌಕಗಳಿರುವ ಚಿತ್ರಗಳಿಗೆ ಹೆಸರಾದ ಡಚ್ ಕಲಾವಿದ ಪೀಟ್ ಮಾಂಡ್ರಿಯಾನ್ 1944ರಲ್ಲಿಯೇ ತೀರಿಕೊಂಡರು. 'ಮಾಂಡ್ರಿಯಾನ್ ಉಡುಪು' ಎಂದು ಜಗತ್ತು ಕರೆಯುವುದು ಪ್ಯಾರಿಸ್ಸಿನ ವಸ್ತ್ರವಿನ್ಯಾಸಕ ಈವ್ ಸ್ಯಾಂ ಲೋರಾಂ ಆ ಚಿತ್ರಗಳಿಂದ ಪ್ರೇರಿತರಾಗಿ 1965ರ ಶರತ್ಕಾಲ-ಚಳಿಗಾಲದ ಸಂಗ್ರಹಕ್ಕೆಂದು ರೂಪಿಸಿದ ಉಡುಪುಗಳನ್ನು. ಎಷ್ಟು ಸಲ ಹೇಳಿದರೂ ಅಳಿಯದ ತಪ್ಪು ಕಲ್ಪನೆ ಇರುವುದು ಇಲ್ಲಿಯೇ: ಆ ಉಡುಪುಗಳು ಪ್ರಿಂಟ್ ಆಗಿರಲೇ ಇಲ್ಲ. ಉಣ್ಣೆಯ ಜರ್ಸಿ ಬಟ್ಟೆಯಲ್ಲಿ ಒಂದೊಂದು ಬಣ್ಣದ ತುಂಡನ್ನೂ ಬೇರೆಬೇರೆಯಾಗಿ ಕತ್ತರಿಸಿ, ಕಪ್ಪು ಪಟ್ಟಿಗಳನ್ನೂ ಹಾಗೆಯೇ ಕತ್ತರಿಸಿ, ಎಲ್ಲವನ್ನೂ ಜೋಡಿಸಿ ಹೊಲಿಯಲಾಗಿತ್ತು. ಮೈಯ ಏರಿಳಿತಕ್ಕೆ ಬೇಕಾದ ಆಕಾರವನ್ನೆಲ್ಲ ಆ ಗೆರೆಗಳ ಹೊಲಿಗೆಯೊಳಗೇ ಅಡಗಿಸಿದ್ದರಿಂದ ಉಡುಪು ಗೋಡೆಗೆ ತೂಗುಹಾಕಿದ ಚಿತ್ರದಂತೆ ಸಪಾಟಾಗಿ ಕಾಣುತ್ತಿತ್ತು. ಮೆಚ್ಚಬೇಕಾದದ್ದು ಈ ದರ್ಜಿಯ ಜಾಣ್ಮೆಯನ್ನು. ಜನ ಮೆಚ್ಚುವುದು ಮಾತ್ರ ಚೌಕಗಳನ್ನು. ಸಂಗ್ರಹ ಹೊರಬಂದೊಡನೆ ಅಗ್ಗದ ನಕಲುಗಳು ಮಾರುಕಟ್ಟೆಯನ್ನು ತುಂಬಿದವು. ಹಾಗಾಗಿ, ಪ್ರಿಂಟ್ ಆಗಿರುವುದೇ ಅಸಲಿಯ ಗುರುತೆಂದು ಯಾರಾದರೂ ನಿಮಗೆ ಹೇಳಿದ್ದರೆ, ಅವರು ಸತ್ಯವನ್ನು ತಲೆಕೆಳಗಾಗಿ ಹಿಡಿದಿದ್ದಾರೆ.

ಉಡುಪನ್ನು ಒಳಮಗ್ಗುಲಿಗೆ ತಿರುಗಿಸಿ ನೋಡಿ. ಕಪ್ಪು ಗೆರೆ ಇದ್ದಲ್ಲೆಲ್ಲ ಹೊಲಿಗೆ ಕಂಡರೆ ಅದು ಜೋಡಣೆ. ಬಣ್ಣ ಮಸುಕಾಗಿ ಹಿಂದಕ್ಕೆ ಇಳಿದಿದ್ದು, ಪಕ್ಕದ ಹೊಲಿಗೆಯಲ್ಲಿ ಗೆರೆಗಳು ಒಂದಕ್ಕೊಂದು ಕೂಡದೆ ಅರ್ಧ ಬೆರಳಷ್ಟು ಜಾರಿದ್ದರೆ ಅದು ಪ್ರಿಂಟ್. ಇನ್ನು ನೀವು ಹೇಳುವ ಹಸಿರು. ಮಾಂಡ್ರಿಯಾನ್ ತಮ್ಮ ಪ್ರೌಢ ಶೈಲಿಯಲ್ಲಿ ಕೆಂಪು, ಹಳದಿ, ನೀಲಿಯ ಜೊತೆಗೆ ಬಿಳಿ, ಕಪ್ಪು, ಬೂದು ಬಣ್ಣಗಳನ್ನಷ್ಟೇ ಉಳಿಸಿಕೊಂಡು ಹಸಿರನ್ನು ದೂರವಿಟ್ಟವರು. ಓರೆಗೆರೆಯನ್ನು ಒಪ್ಪಿದವರು ಅವರ ಸಂಗಾತಿ ಕಲಾವಿದ ಥಿಯೊ ವಾನ್ ಡೂಸ್‌ಬರ್ಗ್, ಮಾಂಡ್ರಿಯಾನ್ ಒಪ್ಪಲಿಲ್ಲ. ಆದ್ದರಿಂದ ಹಸಿರೋ ಓರೆಗೆರೆಯೋ ಕಂಡಲ್ಲಿ 'ಮಾಂಡ್ರಿಯಾನ್ ಪ್ರಭಾವ' ಎಂಬುದಕ್ಕಿಂತ '1965ರ ಫ್ಯಾಷನ್ನಿನ ಪ್ರಭಾವ' ಎಂದರೆ ಮಾತು ಸರಿಹೋಗುತ್ತದೆ.

ಕಲಾವಿದರ ಒಪ್ಪಿಗೆಯಿಂದಲೇ ಬಂದ ಪ್ರಿಂಟುಗಳೂ ಇಲ್ಲದಿಲ್ಲ. ಅಮೆರಿಕದ ಬಟ್ಟೆ ಕಂಪನಿ ಫುಲ್ಲರ್ ಫ್ಯಾಬ್ರಿಕ್ಸ್ 1955ರಲ್ಲಿ ಪಿಕಾಸೊ, ಮಿರೊ, ಶಗಾಲ್, ಲೇಜೆ ಮೊದಲಾದವರ ಚಿತ್ರಗಳಿಂದ ಆಯ್ದ ಆಕೃತಿಗಳನ್ನು ಹತ್ತಿಬಟ್ಟೆಯ ಮೇಲೆ ಅಚ್ಚು ಹಾಕಿತು. ಬಟ್ಟೆಯ ಅಂಚಿನಲ್ಲಿ ಹೆಸರು ಅಚ್ಚಾಗಿದ್ದರೂ ದರ್ಜಿ ಅದನ್ನು ಕತ್ತರಿಸಿ ಎಸೆದಿರಬಹುದು, ಇಲ್ಲವೇ ಹೊಲಿಗೆಯೊಳಗೆ ಮಡಚಿರಬಹುದು. ಅಲ್ಲಿಯೂ ಒಮ್ಮೆ ಹುಡುಕಿ. ಇದಕ್ಕೆ ತದ್ವಿರುದ್ಧ ಬ್ರಿಟಿಷ್ ಚಿತ್ರಕಲಾವಿದೆ ಬ್ರಿಜೆಟ್ ರೈಲಿ ಅವರ ಕಥೆ. 1965ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದ ಪ್ರದರ್ಶನಕ್ಕೆ ಹೋದ ಅವರಿಗೆ ತಮ್ಮ ಕಪ್ಪು-ಬಿಳುಪು ಅಲೆಗಳು ಅಂಗಡಿಗಳ ಉಡುಪುಗಳ ಮೇಲೆ ಕಾಣಿಸಿದವು, ಅದೂ ಅವರ ಒಪ್ಪಿಗೆಯಿಲ್ಲದೆ. ಅಲ್ಲಿ ಪ್ರಭಾವವಿತ್ತು ನಿಜ, ಆದರೆ ಅದನ್ನು ಸಹಯೋಗವೆಂದು ಕರೆಯಲಾಗದು.

ಚಿತ್ರವೇ ಮೊದಲು, ಬಟ್ಟೆ ಆಮೇಲೆ ಎಂದು ಎಲ್ಲರೂ ಭಾವಿಸುವುದು ಸರಿಯೇ ಎಂದು ನನ್ನನ್ನು ಯಾರೂ ಕೇಳಿಲ್ಲ, ಆದರೂ ಹೇಳುತ್ತೇನೆ: ಯಾವಾಗಲೂ ಹಾಗಲ್ಲ. ಫ್ರೆಂಚ್ ಚಿತ್ರಕಾರ ಮಾತೀಸ್ ಬೆಳೆದದ್ದು ಬೊಯಾಂ ಎಂಬ ನೇಕಾರರ ಊರಿನಲ್ಲಿ. ಅವರು ಬದುಕಿನುದ್ದಕ್ಕೂ ಬಟ್ಟೆಗಳನ್ನು ಕೂಡಿಟ್ಟು ಚಿತ್ರಗಳೊಳಗೆ ತಂದವರು. ಉಕ್ರೇನಿನಲ್ಲಿ ಹುಟ್ಟಿದ ಚಿತ್ರಕಲಾವಿದೆ ಸೋನಿಯಾ ಡೆಲೊನೆ 1911ರಲ್ಲಿ ಮಗ ಶಾರ್ಲ್‌ಗೆಂದು, ತಾವು ಕಂಡಿದ್ದ ರೈತರ ಮನೆಗಳ ರೀತಿಯಲ್ಲಿ, ಬಣ್ಣಬಣ್ಣದ ತುಂಡುಗಳನ್ನು ಕೂಡಿಸಿ ನಮ್ಮ ಕೌದಿಯಂಥದೊಂದು ಹೊದಿಕೆಯನ್ನು ಹೊಲಿದರು. ಅವರ ಅಮೂರ್ತ ಚಿತ್ರಗಳು ಬಂದದ್ದು ಅದರ ನಂತರ. ಆ ಹೊದಿಕೆ ಈಗ ಪ್ಯಾರಿಸ್ಸಿನ ಪಾಂಪಿಡೂ ಕೇಂದ್ರದ ಕಲಾಸಂಗ್ರಹದಲ್ಲಿದೆ.