ಒಂದೇ ಹೆರ್ರಿಂಗ್, ಹಲವು ಗುಂಪು: ಮೀನಿನ ಮೈ ಅಳೆದವರ ಕತೆ

ಯುರೋಪಿನ ಕಡಲುಗಳ ಹೆರ್ರಿಂಗ್ ಮೀನುಗಳೆಲ್ಲ ಧ್ರುವ ಸಮುದ್ರದ ಒಂದೇ ಮಹಾಸಮೂಹಕ್ಕೆ ಸೇರಿದ್ದು, ಪ್ರತಿವರ್ಷ ದಕ್ಷಿಣಕ್ಕೆ ಇಳಿದು ಕವಲೊಡೆದು ಬೇರೆ ಬೇರೆ ಕರಾವಳಿಗಳನ್ನು ತಲುಪುತ್ತವೆ ಎಂಬ ನಂಬಿಕೆ 18ನೇ ಶತಮಾನದಲ್ಲಿ ಬಲವಾಗಿತ್ತು. ಅದು ನಿಜವಾಗಿದ್ದರೆ, ಒಂದು ಕರಾವಳಿಯಲ್ಲಿ ಬರಿದಾದ ಮೀನು ಮರುವರ್ಷ ತಾನಾಗಿಯೇ ತುಂಬಿಕೊಳ್ಳಬೇಕಿತ್ತು.

ಈ ನಂಬಿಕೆಗೆ ದೊಡ್ಡ ಪೆಟ್ಟು ಕೊಟ್ಟವರು ಜರ್ಮನ್ ಪ್ರಾಣಿಶಾಸ್ತ್ರಜ್ಞ ಫ್ರೀಡ್ರಿಖ್ ಹೈಂಕೆ. ಸಾವಿರಾರು ಹೆರ್ರಿಂಗ್‌ಗಳ ತಲೆಯ ಉದ್ದ, ರೆಕ್ಕೆಗಳ ಸ್ಥಾನ, ಬೆನ್ನೆಲುಬಿನ ಮಣಿಗಳ ಸಂಖ್ಯೆ ಮೊದಲಾದವನ್ನು ದಾಖಲಿಸಿದ ಅವರು, ಈ ಮೀನಿನಲ್ಲಿ ಸ್ಥಳೀಯ ಗುಂಪುಗಳಿವೆ ಎಂದು 1898ರಲ್ಲಿ ವಿಸ್ತಾರವಾಗಿ ವಾದಿಸಿದರು. ಒಂದು ಮೀನನ್ನು ಕೈಯಲ್ಲಿ ಹಿಡಿದು ಅದರ ಊರು ಹೇಳುವುದು ಬಹುಮಟ್ಟಿಗೆ ಅಸಾಧ್ಯ. ವ್ಯತ್ಯಾಸ ಕಾಣುವುದು ಸರಾಸರಿಗಳಲ್ಲಿ.

ಆದರೆ ಆ ವ್ಯತ್ಯಾಸ ಹುಟ್ಟಿನಿಂದ ಬಂದದ್ದೋ, ನೀರಿನಿಂದ ಬಂದದ್ದೋ? ಡೆನ್ಮಾರ್ಕಿನ ವಿಜ್ಞಾನಿ ಯೋಹಾನ್ನೆಸ್ ಸ್ಮಿಟ್ ಮರಿ ಹಾಕುವ ಜೋಆರ್ಸಿಸ್ ಮೀನಿನ ಮಣಿಗಳ ಸರಾಸರಿ, ನೆಲದೊಳಕ್ಕೆ ಚಾಚಿದ ಕಿರಿದಾದ ಕಡಲಕೊಲ್ಲಿಯಾದ ಫ್ಯೋರ್ಡ್‌ನ ಬಾಯಿಯಿಂದ ಒಳಕ್ಕೆ ಹೋದಂತೆ ಕಡಿಮೆಯಾಗುವುದನ್ನು ಗುರುತಿಸಿ, ಅದರಲ್ಲಿ ಅನುವಂಶೀಯತೆಯ ಪಾತ್ರವನ್ನು ಒತ್ತಿಹೇಳಿದರು. ಮುಂದೆ ಟೋನಿಂಗ್ ಎಂಬ ಡೇನಿಷ್ ವಿಜ್ಞಾನಿ ಟ್ರೌಟ್ ಮೊಟ್ಟೆಗಳನ್ನು ಬೇರೆ ಬೇರೆ ತಾಪಮಾನದಲ್ಲಿ ಬೆಳೆಸಿ, ಭ್ರೂಣಾವಸ್ಥೆಯ ಶಾಖವೇ ಮಣಿಗಳ ಸಂಖ್ಯೆಯನ್ನು ಬದಲಿಸಬಲ್ಲದು ಎಂದು ತೋರಿಸಿದರು. ಅಂದರೆ ಮೈಯಳತೆ ಬೇರೆಯಾದರೆ ಮೀನುಗಳು ಬೇರೆ ಬೇರೆ ನೀರಿನಲ್ಲಿ ಬೆಳೆದಿವೆ ಎನ್ನಬಹುದೇ ಹೊರತು, ವಂಶವೇ ಬೇರೆ ಎನ್ನುವಂತಿಲ್ಲ. ನನ್ನ ಮಟ್ಟಿಗೆ ಇದು ಈ ವಿಧಾನದ ದೋಷವಲ್ಲ. ಎರಡು ಗುಂಪುಗಳು ಪರಸ್ಪರ ಬೆರೆಯುತ್ತಿಲ್ಲವೆಂಬ ಸುಳಿವು ಮೀನುಗಾರಿಕೆಯ ಮಿತಿ ಯೋಚಿಸುವವರಿಗೆ ಸಾಕಷ್ಟು ಬೆಲೆಯುಳ್ಳದ್ದು.

ಗಾತ್ರದ್ದು ಇನ್ನೊಂದು ತೊಡಕು. ಮೀನು ಬೆಳೆದಂತೆ ತಲೆ, ಕಣ್ಣು, ಬಾಲ ಒಂದೇ ಪ್ರಮಾಣದಲ್ಲಿ ಬೆಳೆಯವು. ಆದ್ದರಿಂದ ಗಾತ್ರದ ಪ್ರಭಾವವನ್ನು ಲೆಕ್ಕದಿಂದ ಕಳೆಯದೆ ಹೋಲಿಸಿದರೆ, ಎಳೆಯ ಮೀನೂ ಬಲಿತ ಮೀನೂ ಎರಡು ‘ಪ್ರಾದೇಶಿಕ ಗುಂಪು’ಗಳಾಗಿಬಿಡುತ್ತವೆ. ಹಳೆಯ ಅಳತೆಗಳು ಬಹುಪಾಲು ಮೂತಿಯಿಂದ ಬಾಲದ ಕಡೆಗೇ ಸಾಗುತ್ತಿದ್ದುದರಿಂದ ಮೈಯ ಆಕಾರ ಅರೆಬರೆಯಾಗಿ ಸಿಗುತ್ತಿತ್ತು. 1982ರಲ್ಲಿ ಸ್ಟ್ರಾಸ್ ಮತ್ತು ಬುಕ್‌ಸ್ಟೈನ್ ಸೂಚಿಸಿದ ಜಾಲ ವಿಧಾನದಲ್ಲಿ ಮೂತಿಯ ತುದಿ, ಬೆನ್ನುರೆಕ್ಕೆ ಶುರುವಾಗುವ ಜಾಗ, ಬಾಲದ ಬುಡ ಇಂಥ ಗುರುತುಗಳನ್ನು ಅಡ್ಡಡ್ಡವಾಗಿಯೂ ಜೋಡಿಸಿ ಇಡೀ ದೇಹವನ್ನು ಆವರಿಸಲಾಗುತ್ತದೆ. (ಕೆಡದಂತೆ ಕಾಪಿಡುವ ದ್ರಾವಣವಾದ ಫಾರ್ಮಲಿನ್‌ನಲ್ಲಿಟ್ಟ ಮೀನು ಕುಗ್ಗುತ್ತದೆ, ಅಳೆಯುವ ಕೈ ಬದಲಾದರೆ ಅಂಕಿಯೂ ಬದಲಾಗುತ್ತದೆ, ಯಾವ ಜಾಲವೂ ಇದನ್ನು ತಪ್ಪಿಸದು.)

ಈಗ ಅಳತೆಯ ಜೊತೆಗೆ ಕಿವಿಕಲ್ಲಿನ (ಮೀನಿನ ಒಳಕಿವಿಯಲ್ಲಿರುವ ಸುಣ್ಣದ ಗಟ್ಟಿ ಹರಳು) ಆಕಾರವನ್ನೂ ವಂಶವಾಹಿಗಳನ್ನೂ ನೋಡುವುದು ರೂಢಿ. ಹೆರ್ರಿಂಗ್‌ನ ಜೀನೋಮ್ (ವಂಶವಾಹಿಗಳ ಪೂರ್ಣ ಸಂಗ್ರಹ) ಅಧ್ಯಯನಗಳ ಪ್ರಕಾರ ಅದರ ಗುಂಪುಗಳು ವಂಶವಾಹಿಯ ಬಹುಭಾಗದಲ್ಲಿ ಹೆಚ್ಚುಕಡಿಮೆ ಒಂದೇ. ನೀರಿನ ಉಪ್ಪಿನಂಶಕ್ಕೆ ಒಗ್ಗುವ, ಮೊಟ್ಟೆಯಿಡುವ ಋತುವನ್ನು ನಿರ್ಧರಿಸುವ ಕೆಲವೇ ಭಾಗಗಳಲ್ಲಿ ಮಾತ್ರ ಅವು ಸ್ಪಷ್ಟವಾಗಿ ಬೇರೆಯಾಗುತ್ತವೆ.