ನಮೀಬಿಯಾ: ಜನರನ್ನು ಕೇಳೋಕೆ 69 ವರ್ಷ ಹಿಡಿಯಿತು

ನಮೀಬಿಯಾದ ರಾಜಧಾನಿ ವಿಂಡ್‌ಹುಕ್‌ನಲ್ಲಿ ಕಟುಟುರಾ ಎಂಬ ಬಡಾವಣೆ ಇದೆ. ಹೆರೆರೊ ಭಾಷೆಯಲ್ಲಿ ಆ ಹೆಸರಿಗೆ 'ನಾವು ನೆಲೆಯೂರದ ಜಾಗ' ಎಂಬ ಅರ್ಥ. ತಾವಿರುವ ಕೇರಿಗೆ ಯಾರಾದರೂ ಇಂಥ ಹೆಸರಿಡುತ್ತಾರಾ? ಒಲ್ಲೆ ಎಂದವರನ್ನು ಹಳೇ ಮನೆಗಳಿಂದ ಎಬ್ಬಿಸಿ ತಂದು ಹಾಕಿದ ಜಾಗ ಅದು. ಹೋಗಲ್ಲ ಎಂದು ಪ್ರತಿಭಟಿಸಿದ ಜನರ ಮೇಲೆ 1959ರ ಡಿಸೆಂಬರ್ 10ರಂದು ಪೊಲೀಸರು ಗುಂಡು ಹಾರಿಸಿದರು. 11 ಜನ ಸತ್ತರು.

ಆ ಪೊಲೀಸರು ದಕ್ಷಿಣ ಆಫ್ರಿಕಾ ಸರ್ಕಾರದವರು. ಪಕ್ಕದ ದೇಶದ ಸರ್ಕಾರಕ್ಕೆ ಇಲ್ಲೇನು ಕೆಲಸ?

1884ರಿಂದ ಈ ನಾಡು ಜರ್ಮನಿಯ ವಸಾಹತು. ಹೆರೆರೊ ಜನ ದಂಗೆ ಎದ್ದಾಗ, 1904ರ ಅಕ್ಟೋಬರ್‌ನಲ್ಲಿ ಜನರಲ್ ಫಾನ್ ಟ್ರೋಟಾ ಅವರನ್ನು ನಿರ್ನಾಮ ಮಾಡಲು ಆಜ್ಞೆ ಹೊರಡಿಸಿದ. ಹೆರೆರೊಗಳಲ್ಲಿ ಬಹುಪಾಲು ಜನ ಗುಂಡಿಗೆ, ಮರುಭೂಮಿಯ ಬಾಯಾರಿಕೆಗೆ, ಶಿಬಿರಗಳ ಹಸಿವಿಗೆ ಬಲಿಯಾದರು. ಮೊದಲ ಮಹಾಯುದ್ಧದಲ್ಲಿ ಜರ್ಮನಿ ಸೋತಿತು. ಆದರೆ ನೆಲ ಅಲ್ಲಿನವರ ಕೈಗೆ ಬರಲಿಲ್ಲ. 1920ರಲ್ಲಿ, ವಿಶ್ವಸಂಸ್ಥೆಗಿಂತ ಮುಂಚೆ ಇದ್ದ ರಾಷ್ಟ್ರಸಂಘ ಅದನ್ನು 'ಮ್ಯಾಂಡೇಟ್' ಎಂಬ ಹೆಸರಲ್ಲಿ ದಕ್ಷಿಣ ಆಫ್ರಿಕಾದ ಉಸ್ತುವಾರಿಗೆ ಕೊಟ್ಟಿತು. ಈ ಜನ ಇನ್ನೂ ಸ್ವಂತ ಕಾಲ ಮೇಲೆ ನಿಲ್ಲಲಾರರು, ಅವರ ಏಳಿಗೆ ನಾಗರಿಕ ಜಗತ್ತಿನ ಪವಿತ್ರ ಹೊಣೆ ಎಂದು ಒಪ್ಪಂದದಲ್ಲಿ ಬರೆದಿತ್ತು.

ಆ ಹೊಣೆ ಹೇಗಿತ್ತು ಅಂತ ಎರಡೇ ವರ್ಷದಲ್ಲಿ ಗೊತ್ತಾಯಿತು. ದಕ್ಷಿಣದ ಬೊಂಡೆಲ್‌ಸ್ವಾರ್ಟ್ಸ್ ಜನರ ಮೇಲೆ ನಾಯಿ ತೆರಿಗೆ ಹೇರಿದರು. ನಾಯಿ ಅವರಿಗೆ ಶೋಕಿಯಲ್ಲ. ಬೇಟೆಗೆ ಅದೇ ಬೇಕು, ಕುರಿ ಮೇಕೆ ಕಾಯೋಕೂ ಅದೇ ಬೇಕು. ತೆರಿಗೆ ಕಟ್ಟಲಾರದೆ ಜನ ತಿರುಗಿಬಿದ್ದರು. 1922ರಲ್ಲಿ ಅವರ ಮೇಲೆ ವಿಮಾನದಿಂದ ಬಾಂಬ್ ಬಿತ್ತು. ಹೆಂಗಸರು ಮಕ್ಕಳೂ ಸೇರಿ ಸುಮಾರು 100 ಜನ ಸತ್ತರು. ನಾಯಿ ತೆರಿಗೆಗೆ ಬಾಂಬ್!

1946ರಲ್ಲಿ ರಾಷ್ಟ್ರಸಂಘವೇ ಮುಚ್ಚಿತು. ಆಗ ದಕ್ಷಿಣ ಆಫ್ರಿಕಾ, 'ಈ ನಾಡನ್ನು ನಮಗೇ ಸೇರಿಸಿ' ಎಂದು ವಿಶ್ವಸಂಸ್ಥೆಯ ಮುಂದೆ ಬಂತು. ಜನರನ್ನು ಕೇಳಿದ್ದೇವೆ ಎಂದು ಲೆಕ್ಕವನ್ನೂ ಒಪ್ಪಿಸಿತು. ಪರ 2,08,850. ವಿರುದ್ಧ 33,520. ಕೇಳದೇ ಬಿಟ್ಟವರು 56,790. ಆದರೆ ಯಾರೂ ಗುಟ್ಟಾಗಿ ಮತ ಹಾಕಿರಲಿಲ್ಲ. ಅಧಿಕಾರಿಗಳು ಬುಡಕಟ್ಟಿನ ಮುಖಂಡರನ್ನು ಕೂರಿಸಿ ಕೇಳಿದ್ದರು. ಮುಖಂಡ ಹೂಂ ಅಂದರೆ ಇಡೀ ಬುಡಕಟ್ಟೇ ಹೂಂ ಅಂದ ಲೆಕ್ಕ. ಇದನ್ನು ಜನಾಭಿಪ್ರಾಯ ಅನ್ನೋಕಾಗಲ್ಲ ಅಲ್ವಾ? ವಿಶ್ವಸಂಸ್ಥೆ ಒಪ್ಪಲಿಲ್ಲ. ವಿರೋಧಿಸಿದವರಲ್ಲಿ ಭಾರತವೂ ಇತ್ತು. ನಮಗೇ ಇನ್ನೂ ಸ್ವಾತಂತ್ರ್ಯ ಬಂದಿರಲಿಲ್ಲ.

1904ರ ಯುದ್ಧದಲ್ಲಿ ಹೋರಾಡಿದ್ದ ಹೆರೆರೊ ಮುಖಂಡ ಹೊಸಿಯಾ ಕುಟಾಕೊ ಸುಮ್ಮನಿರಲಿಲ್ಲ. ಅರ್ಜಿ ಮೇಲೆ ಅರ್ಜಿ ಬರೆಸಿದರು. ನ್ಯೂಯಾರ್ಕ್‌ಗೆ ಹೋಗಲು ಅವರಿಗೆ ಬಿಡಲಿಲ್ಲ. ಅವರ ಮಾತನ್ನು ಪಾದ್ರಿ ಮೈಕೆಲ್ ಸ್ಕಾಟ್ 1949ರಲ್ಲಿ ವಿಶ್ವಸಂಸ್ಥೆಗೆ ಮುಟ್ಟಿಸಿದರು.

ನನಗೆ ಜಾಸ್ತಿ ನೋವು ಕೊಡುವುದು ಕೋರ್ಟಿನ ಅಧ್ಯಾಯ. 1960ರಲ್ಲಿ ಇಥಿಯೋಪಿಯಾ, ಲೈಬೀರಿಯಾ, ದಕ್ಷಿಣ ಆಫ್ರಿಕಾ ಮ್ಯಾಂಡೇಟಿನ ಹೊಣೆ ಮುರಿದಿದೆ ಎಂದು ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋದವು. ಸುಮಾರು 6 ವರ್ಷ ವಾದ ನಡೆಯಿತು. 1966ರ ಜುಲೈ 18ರಂದು ನ್ಯಾಯಾಧೀಶರು 7–7 ಆಗಿ ಒಡೆದರು. ಅಧ್ಯಕ್ಷರ ಹೆಚ್ಚುವರಿ ಮತದಿಂದ ತೀರ್ಪು ಬಂತು: ಈ ವಿಷಯ ಎತ್ತಲು ಆ ಎರಡು ದೇಶಗಳಿಗೆ ಹಕ್ಕಿಲ್ಲ. ದಕ್ಷಿಣ ಆಫ್ರಿಕಾ ಮಾಡಿದ್ದು ಸರಿಯೋ ತಪ್ಪೋ, ಆ ಮಾತೇ ಇಲ್ಲ. ಮುಂದಿನ ತಿಂಗಳೇ, ನಮೀಬಿಯಾದ ಸ್ವಾತಂತ್ರ್ಯಕ್ಕೆ ಹೋರಾಡುತ್ತಿದ್ದ ಸ್ವಾಪೊ ಸಂಘಟನೆ ಬಂದೂಕು ಹಿಡಿಯಿತು. ಅಕ್ಟೋಬರ್‌ನಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಮ್ಯಾಂಡೇಟನ್ನೇ ರದ್ದು ಮಾಡಿತು. 1971ರಲ್ಲಿ ಅದೇ ನ್ಯಾಯಾಲಯ, ದಕ್ಷಿಣ ಆಫ್ರಿಕಾ ಅಲ್ಲಿರುವುದೇ ಅಕ್ರಮ ಎಂದಿತು.

ಅಷ್ಟಾದರೂ ಸೇನೆ ಜಾಗ ಬಿಡಲಿಲ್ಲ. ಚುನಾವಣೆಗೆ 1978ರಲ್ಲೇ ವಿಶ್ವಸಂಸ್ಥೆಯಲ್ಲಿ ನಿರ್ಣಯ ಆಯಿತು, ನಡೆದದ್ದು 1989ರ ನವೆಂಬರ್‌ನಲ್ಲಿ. ಆಗ ವಿಶ್ವಸಂಸ್ಥೆಯ ಪಡೆಗೆ ದಂಡನಾಯಕರಾಗಿದ್ದವರು ಭಾರತದ ಲೆಫ್ಟಿನೆಂಟ್ ಜನರಲ್ ದಿವಾನ್ ಪ್ರೇಮ್ ಚಂದ್. 1920ರ ಮ್ಯಾಂಡೇಟ್‌ನಿಂದ 69 ವರ್ಷಕ್ಕೆ ಜನರನ್ನು ನಿಜವಾಗಿ ಕೇಳಿದ್ದು ಆಗಲೇ. 5 ದಿನ ಮತದಾನ. ನೂರಕ್ಕೆ 95ಕ್ಕಿಂತ ಹೆಚ್ಚು ಜನ ಬಂದು ಮತ ಹಾಕಿದರು. 1990ರ ಮಾರ್ಚ್ 21ರಂದು ನಮೀಬಿಯಾ ಸ್ವತಂತ್ರವಾಯಿತು.

ಕುಟಾಕೊ 1970ರಲ್ಲೇ ತೀರಿಕೊಂಡಿದ್ದರು. ಇವತ್ತು ವಿಂಡ್‌ಹುಕ್‌ನ ಅಂತರರಾಷ್ಟ್ರೀಯ ವಿಮಾನ ನಿಲ್ದಾಣಕ್ಕೆ ಅವರದೇ ಹೆಸರು.